ಕರ್ನಾಟಕದಲ್ಲಿ ದೃಶ್ಯಕಲಾ ಪ್ರದರ್ಶನ

ಕರ್ನಾಟಕದಲ್ಲಿ ದೃಶ್ಯಕಲಾ ಪ್ರದರ್ಶನ ಎಂಬುದು ರಾಜ್ಯದ ಚಿತ್ರಕಲಾವಿದರು, ಶಿಲ್ಪಿಗಳು, ಮುದ್ರಣಕಲಾವಿದರು, ವ್ಯಂಗ್ಯಚಿತ್ರಕಾರರು, ಛಾಯಾಗ್ರಾಹಕರು ಹಾಗೂ ಸಾಂಪ್ರದಾಯಿಕ ಚಿತ್ರಕಾರರು ತಮ್ಮ ಕೃತಿಗಳನ್ನು ಸಾರ್ವಜನಿಕರ ಮುಂದಿಡಲು ದೊರೆಯುವ ಸ್ಥಳಗಳು, ಸಂದರ್ಭಗಳು ಮತ್ತು ವ್ಯವಸ್ಥೆಗಳನ್ನು ಕುರಿತ ವಿಷಯವಾಗಿದೆ. ಕವಿಯ ಕವಿತೆ ಅಚ್ಚಾಗಿ ಊರೂರಿಗೆ ತಲುಪುತ್ತದೆ; ಗಾಯಕನ ಹಾಡು ಧ್ವನಿಮುದ್ರಣವಾಗಿ ಮನೆಮನೆಗೆ ಸೇರುತ್ತದೆ. ಚಿತ್ರ ಮತ್ತು ಶಿಲ್ಪಗಳು ಬಹುಮಟ್ಟಿಗೆ ಒಂದೇ ಪ್ರತಿಯಾಗಿರುವುದರಿಂದ, ಅವುಗಳ ನಿಜವಾದ ಅಳತೆ, ಬಣ್ಣ ಮತ್ತು ಮೇಲ್ಮೈಯನ್ನು ಅರಿಯಲು ನೋಡುಗನು ಕೃತಿಯ ಎದುರಿಗೇ ನಿಲ್ಲಬೇಕಾಗುತ್ತದೆ. ಆದ್ದರಿಂದ ದೃಶ್ಯಕಲಾವಿದನಿಗೆ ಪ್ರದರ್ಶನವೇ ಪ್ರಕಟಣೆಯಾಗಿರುತ್ತದೆ.

ರಾಜ್ಯದಲ್ಲಿ ಸರ್ಕಾರಿ ಕಲಾ ಗ್ಯಾಲರಿಗಳು, ಅಕಾಡೆಮಿಯ ವಾರ್ಷಿಕ ಪ್ರದರ್ಶನಗಳು, ಕಲಾಶಾಲೆಗಳ ಸಭಾಂಗಣಗಳು, ಖಾಸಗಿ ಗ್ಯಾಲರಿಗಳು, ದಸರಾ ಮೊದಲಾದ ಉತ್ಸವಗಳು ಮತ್ತು ಬೆಂಗಳೂರಿನ ಚಿತ್ರಸಂತೆ ಪ್ರದರ್ಶನದ ಮುಖ್ಯ ದಾರಿಗಳಾಗಿವೆ. ಇವುಗಳಲ್ಲಿ ಹೆಚ್ಚಿನವು ಬೆಂಗಳೂರು ಮತ್ತು ಮೈಸೂರುಗಳಲ್ಲಿ ಕೇಂದ್ರೀಕೃತವಾಗಿವೆ. ಕಲಾಶಿಕ್ಷಣವು ರಾಜ್ಯದ ಹಲವು ಜಿಲ್ಲೆಗಳಿಗೆ ಹಬ್ಬಿದ್ದರೂ ಪ್ರದರ್ಶನದ ಸೌಲಭ್ಯ ಅದೇ ಪ್ರಮಾಣದಲ್ಲಿ ಹಬ್ಬಿಲ್ಲ.

ಪ್ರದರ್ಶನದ ಬಗೆಗಳು

ಭಾಗವಹಿಸುವವರು ಮತ್ತು ಆಯ್ಕೆಯ ಕ್ರಮವನ್ನು ಅನುಸರಿಸಿ ಕಲಾಪ್ರದರ್ಶನಗಳನ್ನು ಹೀಗೆ ವಿಂಗಡಿಸಬಹುದು:

• ಏಕವ್ಯಕ್ತಿ ಪ್ರದರ್ಶನ: ಒಬ್ಬನೇ ಕಲಾವಿದನ ಕೃತಿಗಳ ಪ್ರದರ್ಶನ. ಒಂದು ಅವಧಿಯಲ್ಲಿ ರಚಿಸಿದ ಅಥವಾ ಒಂದು ವಿಷಯಕ್ಕೆ ಸಂಬಂಧಿಸಿದ ಕೃತಿಗಳನ್ನು ಇದರಲ್ಲಿ ಒಟ್ಟಾಗಿ ಇಡಲಾಗುತ್ತದೆ.

• ಸಮೂಹ ಪ್ರದರ್ಶನ: ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ಕಲಾವಿದರು ಕೂಡಿ ನಡೆಸುವ ಪ್ರದರ್ಶನ. ಗ್ಯಾಲರಿಯ ಬಾಡಿಗೆ, ಆಹ್ವಾನ ಪತ್ರಿಕೆ ಮತ್ತು ಸಾಗಣೆಯ ವೆಚ್ಚವನ್ನು ಹಂಚಿಕೊಳ್ಳಬಹುದಾದ್ದರಿಂದ ಹೊಸ ಕಲಾವಿದರು ಸಾಮಾನ್ಯವಾಗಿ ಇದರಿಂದಲೇ ಆರಂಭಿಸುತ್ತಾರೆ.

• ಆಯ್ಕೆ ಪ್ರದರ್ಶನ: ಅರ್ಜಿ ಆಹ್ವಾನಿಸಿ, ಬಂದ ಕೃತಿಗಳನ್ನು ತೀರ್ಪುಗಾರರು ಪರಿಶೀಲಿಸಿ, ಆಯ್ದವನ್ನಷ್ಟೇ ಪ್ರದರ್ಶಿಸುವ ಕ್ರಮ. ಅಕಾಡೆಮಿಗಳ ವಾರ್ಷಿಕ ಪ್ರದರ್ಶನಗಳು ಈ ಬಗೆಯವು.

• ಸಂಯೋಜಿತ ಪ್ರದರ್ಶನ: ಕ್ಯುರೇಟರ್ ಎಂದು ಕರೆಯಲಾಗುವ ಸಂಯೋಜಕರು ಒಂದು ವಿಚಾರವನ್ನು ಮುಂದಿಟ್ಟುಕೊಂಡು ಕಲಾವಿದರನ್ನು ಆಹ್ವಾನಿಸುವ ಕ್ರಮ. ವಸ್ತುಸಂಗ್ರಹಾಲಯಗಳು ಮತ್ತು ಹಲವು ಖಾಸಗಿ ಗ್ಯಾಲರಿಗಳು ಇದನ್ನು ಅನುಸರಿಸುತ್ತವೆ.

• ಮುಕ್ತ ಪ್ರದರ್ಶನ: ರಸ್ತೆ, ಉದ್ಯಾನ, ಜಾತ್ರೆ ಮುಂತಾದ ತೆರೆದ ಜಾಗಗಳಲ್ಲಿ ನಡೆಯುವ ಪ್ರದರ್ಶನ ಮತ್ತು ಮಾರಾಟ. ಚಿತ್ರಸಂತೆ ಇದರ ಪ್ರಮುಖ ಉದಾಹರಣೆ.

ಪ್ರದರ್ಶನಾವಕಾಶವನ್ನು ಹುಡುಕುವವರು ಈ ಭೇದವನ್ನು ಮೊದಲು ತಿಳಿದಿರಬೇಕಾಗುತ್ತದೆ. ಬಾಡಿಗೆಗೆ ದೊರೆಯುವ ಗ್ಯಾಲರಿಯಲ್ಲಿ ಕಲಾವಿದನೇ ಆಯೋಜಕ. ಗೋಡೆ ಮತ್ತು ದೀಪಗಳನ್ನು ಬಿಟ್ಟು ಉಳಿದೆಲ್ಲವೂ ಅವನ ಹೊಣೆ. ಆಯ್ಕೆ ಪ್ರದರ್ಶನದಲ್ಲಿ ಆಯೋಜನೆಯ ಹೊಣೆ ಸಂಸ್ಥೆಯದು, ಆದರೆ ಪ್ರವೇಶ ಖಚಿತವಲ್ಲ. ಖಾಸಗಿ ಗ್ಯಾಲರಿಯು ಕಲಾವಿದನನ್ನು ತಾನೇ ಆರಿಸಿಕೊಂಡು ಮಾರಾಟದ ಹಣದಲ್ಲಿ ಪಾಲು ಪಡೆಯುತ್ತದೆ.

ಇತಿಹಾಸ

ದೇವಾಲಯದ ಭಿತ್ತಿ, ಅರಮನೆಯ ಗೋಡೆ ಮತ್ತು ಮನೆಯ ಪೂಜಾಗೃಹ ಹಿಂದೆ ಚಿತ್ರಕಲೆಯ ನೆಲೆಗಳಾಗಿದ್ದವು. ಕೃತಿಗಳನ್ನು ಒಂದು ಸಭಾಂಗಣದಲ್ಲಿ ತೂಗುಹಾಕಿ ಸಾರ್ವಜನಿಕರನ್ನು ಆಹ್ವಾನಿಸುವ ಪದ್ಧತಿ ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ದಕ್ಷಿಣ ಭಾರತಕ್ಕೆ ಬಂದಿತು. ರಾಜಾ ರವಿವರ್ಮನು 1873ರಲ್ಲಿ ಮದರಾಸಿನ ಲಲಿತಕಲಾ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದದ್ದು ಅವನ ಖ್ಯಾತಿಗೆ ಕಾರಣವಾದ ಘಟನೆಗಳಲ್ಲೊಂದು. ಮುಂದೆ ಮೈಸೂರು ಅರಮನೆಯೂ ಅವನಿಂದ ಚಿತ್ರಗಳನ್ನು ಬರೆಯಿಸಿತು. ಸಾರ್ವಜನಿಕ ಪ್ರದರ್ಶನವೊಂದು ಕಲಾವಿದನ ಬದುಕಿನ ದಿಕ್ಕನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದು ಆರಂಭದ ನಿದರ್ಶನ.

ಮೈಸೂರು ಸಂಸ್ಥಾನದಲ್ಲಿ ದಸರಾ ವಸ್ತುಪ್ರದರ್ಶನವು ಕಲಾವಿದರಿಗೆ ದೊಡ್ಡ ವೇದಿಕೆಯಾಗಿತ್ತು. ಕೃಷಿ ಮತ್ತು ಕೈಗಾರಿಕೆಗಳ ಪ್ರದರ್ಶನದೊಡನೆ ಲಲಿತಕಲೆಗಳಿಗೂ ಅಲ್ಲಿ ಸ್ಥಾನವಿತ್ತು, ಬಹುಮಾನಗಳೂ ಇದ್ದವು. ಎಸ್.ಎಲ್. ಹಳದಣಕರ್ ಅವರ, ಕೈಯಲ್ಲಿ ದೀಪ ಹಿಡಿದ ಮಹಿಳೆಯ ಪ್ರಸಿದ್ಧ ಜಲವರ್ಣ ಚಿತ್ರವು ಮೈಸೂರು ದಸರಾ ಪ್ರದರ್ಶನದಲ್ಲಿ ಮೊದಲ ಬಹುಮಾನ ಪಡೆಯಿತು. ಇಂದು ಅದು ಮೈಸೂರಿನ ಜಗನ್ಮೋಹನ ಅರಮನೆಯ ಕಲಾಸಂಗ್ರಹದಲ್ಲಿದೆ. ರವಿವರ್ಮನ ಚಿತ್ರಗಳ ಜೊತೆಯಲ್ಲೇ ಇರುವುದರಿಂದ ಅನೇಕರು ಇದನ್ನೂ ಅವನದೇ ಎಂದು ತಪ್ಪಾಗಿ ತಿಳಿಯುವುದುಂಟು. ಜಗನ್ಮೋಹನ ಅರಮನೆಯ ಕಟ್ಟಡ 1861ರದು. ಅಲ್ಲಿನ ಕಲಾಸಂಗ್ರಹ 1915ರಲ್ಲಿ ಆರಂಭವಾಯಿತು.

ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾವ್ ಅವರು 1919ರಲ್ಲಿ ಸ್ಥಾಪಿಸಿದ ಕಲಾಮಂದಿರವು ನಗರದಲ್ಲಿ ಕಲಾಶಿಕ್ಷಣ ಮತ್ತು ಕಲಾಭಿರುಚಿಯನ್ನು ಬೆಳೆಸಿದ ಮೊದಲ ಸಂಸ್ಥೆಗಳಲ್ಲಿ ಒಂದು. ಉತ್ತರ ಕರ್ನಾಟಕದಲ್ಲಿ ಧಾರವಾಡದ ಡಿ.ವಿ. ಹಾಲಭಾವಿ, ಹುಬ್ಬಳ್ಳಿಯ ಎಂ.ವಿ. ಮಿಣಜಿಗಿ, ಗದುಗಿನ ಟಿ.ಪಿ. ಅಕ್ಕಿ ಮೊದಲಾದವರು ಕಲಾಶಾಲೆಗಳನ್ನು ಕಟ್ಟಿದರು. ಪ್ರತ್ಯೇಕ ಗ್ಯಾಲರಿಗಳಿಲ್ಲದ ಊರುಗಳಲ್ಲಿ ಶಾಲೆಯ ಕೊಠಡಿಗಳೇ ಪ್ರದರ್ಶನಾಂಗಣಗಳೂ ಆದವು.

ಸ್ವಾತಂತ್ರ್ಯಾನಂತರ 1954ರಲ್ಲಿ ನವದೆಹಲಿಯಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿ ಆರಂಭವಾಗಿ, ಮರುವರ್ಷದಿಂದ ರಾಷ್ಟ್ರೀಯ ಕಲಾಪ್ರದರ್ಶನ ನಡೆಯತೊಡಗಿತು. 1960ರಲ್ಲಿ ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ರೂಪುಗೊಂಡಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಕಲಾವಿದ ಎಂ.ಎಸ್. ನಂಜುಂಡರಾವ್ ಪ್ರಮುಖರು. 1960ರ ದಶಕದಲ್ಲಿಯೇ ಆರ್.ಎಂ. ಹಡಪದ್ ಅವರು ಕೆನ್ ಕಲಾಶಾಲೆಯನ್ನು ಆರಂಭಿಸಿದರು. 1970ರ ದಶಕದಲ್ಲಿ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿ ತೆರೆದುಕೊಂಡಿತು. ಅಂದಿನಿಂದ ಬೆಂಗಳೂರು ರಾಜ್ಯದ ಪ್ರದರ್ಶನ ಚಟುವಟಿಕೆಯ ಕೇಂದ್ರವಾಗಿದೆ.

ಅದಕ್ಕೂ ಹಿಂದೆ ಮತ್ತು ಆ ಬಳಿಕವೂ ಅನೇಕ ಕನ್ನಡಿಗ ಕಲಾವಿದರು ಅವಕಾಶವನ್ನರಸಿ ಮುಂಬಯಿಗೆ ಹೋದರು. ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ (1911–1996) ಮತ್ತು ಕಲಬುರಗಿಯ ಎಸ್.ಎಂ. ಪಂಡಿತ್ (1916–1993) ಮುಂಬಯಿಯಲ್ಲಿ ನೆಲೆಸಿ ಹೆಸರಾದರು. ಮುಂಬಯಿಯಲ್ಲಿ 1952ರಲ್ಲಿ ಆರಂಭವಾದ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಪ್ರದರ್ಶನ ನಡೆಸುವುದು ಇಂದಿಗೂ ಹಲವು ಕನ್ನಡಿಗ ಕಲಾವಿದರ ಆಸೆಯಾಗಿದೆ. ಅಲ್ಲಿನ ಸರದಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಬೆಂಗಳೂರಿನ ಪ್ರದರ್ಶನ ತಾಣಗಳು

ಕರ್ನಾಟಕ ಚಿತ್ರಕಲಾ ಪರಿಷತ್ತು

ಕುಮಾರಕೃಪಾ ರಸ್ತೆಯಲ್ಲಿರುವ ಪರಿಷತ್ತಿನ ಆವರಣದಲ್ಲಿ ರೋರಿಚ್ ಅವರ ಚಿತ್ರಗಳು, ಕೇಜ್ರಿವಾಲ್ ಸಂಗ್ರಹ, ಮೈಸೂರು ಸಾಂಪ್ರದಾಯಿಕ ಚಿತ್ರಗಳು ಮತ್ತು ಚರ್ಮದ ಗೊಂಬೆಗಳ ಶಾಶ್ವತ ಸಂಗ್ರಹಗಳಿವೆ. ಇವುಗಳ ಜೊತೆಗೆ ಕಲಾವಿದರಿಗೆ ಬಾಡಿಗೆಗೆ ನೀಡುವ ಗ್ಯಾಲರಿಗಳೂ ಇವೆ. ಸಾಮಾನ್ಯವಾಗಿ ಕೆಲವು ದಿನಗಳಿಂದ ಒಂದು ವಾರದವರೆಗಿನ ಅವಧಿಗೆ ಇವನ್ನು ಪಡೆಯಲಾಗುತ್ತದೆ. ಪರಿಷತ್ತಿನ ಲಲಿತಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳ ವಾರ್ಷಿಕ ಪ್ರದರ್ಶನವೂ ಇದೇ ಆವರಣದಲ್ಲಿ ನಡೆಯುತ್ತದೆ. ಬೇರೆ ಕಾರಣಕ್ಕೆ ಬಂದವರೂ ಗ್ಯಾಲರಿಗಳನ್ನು ಹೊಕ್ಕು ನೋಡುವುದು ಈ ಸ್ಥಳದ ಅನುಕೂಲ.

ವೆಂಕಟಪ್ಪ ಕಲಾ ಗ್ಯಾಲರಿ

ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಕೆ. ವೆಂಕಟಪ್ಪ (1886–1965) ಅವರ ಹೆಸರಿನ ಈ ಸರ್ಕಾರಿ ಗ್ಯಾಲರಿಯು ಕಬ್ಬನ್ ಉದ್ಯಾನದ ಅಂಚಿನಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿದೆ. ವೆಂಕಟಪ್ಪನವರ ಜಲವರ್ಣ ಚಿತ್ರಗಳು ಮತ್ತು ಹೆಬ್ಬಾರರ ಕೃತಿಗಳು ಇಲ್ಲಿವೆ. ಹೊಸ ಕಲಾವಿದರು ಅಲ್ಪ ಬಾಡಿಗೆಗೆ ಪಡೆಯಬಹುದಾದ ಪ್ರದರ್ಶನಾಂಗಣವಿರುವುದರಿಂದ, ಬೆಂಗಳೂರಿನ ಹಲವು ಕಲಾವಿದರ ಮೊದಲ ಪ್ರದರ್ಶನ ಇಲ್ಲಿಯೇ ನಡೆದಿದೆ.

2015–16ರಲ್ಲಿ ಪ್ರವಾಸೋದ್ಯಮದ ದತ್ತು ಯೋಜನೆಯಡಿ ಈ ಗ್ಯಾಲರಿಯ ನಿರ್ವಹಣೆಯಲ್ಲಿ ಖಾಸಗಿ ಪ್ರತಿಷ್ಠಾನವೊಂದನ್ನು ತೊಡಗಿಸುವ ಪ್ರಸ್ತಾವ ಬಂದಾಗ ಕಲಾವಿದರು ಸಂಘಟಿತರಾಗಿ ವಿರೋಧಿಸಿದರು. ಗ್ಯಾಲರಿಯ ಆವರಣದಲ್ಲೇ ಚಿತ್ರ ಬರೆದು, ಸಭೆ ನಡೆಸಿ ಪ್ರತಿಭಟಿಸಿದರು. ಹಣ ಹೂಡುವವರು ಬಂದರೆ ಕಟ್ಟಡ ಸುಧಾರಿಸುತ್ತದೆ, ಸಂಗ್ರಹಕ್ಕೆ ಉತ್ತಮ ರಕ್ಷಣೆ ದೊರೆಯುತ್ತದೆ ಎಂಬುದು ಪ್ರಸ್ತಾವದ ಪರವಾಗಿದ್ದ ವಾದ. ಯಾರ ಶಿಫಾರಸೂ ಇಲ್ಲದ ಕಲಾವಿದನಿಗೆ ನಗರದ ನಡುವೆ ಕೈಗೆಟಕುವ ಬೆಲೆಯಲ್ಲಿ ದೊರೆಯುವ ಗೋಡೆ ಇಲ್ಲವಾಗುತ್ತದೆ ಎಂಬುದು ವಿರೋಧಿಸಿದವರ ಆತಂಕ. ಕಡೆಗೆ ಆ ಯೋಜನೆಯನ್ನು ಕೈಬಿಡಲಾಯಿತು. ಸಾರ್ವಜನಿಕ ಗ್ಯಾಲರಿಯು ಯಾರಿಗೆ ಸೇರಿದ್ದು, ಅದರ ಬಾಗಿಲು ಯಾರಿಗೆ ತೆರೆದಿರಬೇಕು ಎಂಬ ಪ್ರಶ್ನೆಯನ್ನು ಈ ಪ್ರಸಂಗ ರಾಜ್ಯದಲ್ಲಿ ಮುನ್ನೆಲೆಗೆ ತಂದಿತು.

ಇತರ ತಾಣಗಳು

• ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ: ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ಈ ಕೇಂದ್ರ ಸರ್ಕಾರಿ ಸಂಸ್ಥೆಯ ಬೆಂಗಳೂರು ಶಾಖೆ 2009ರಲ್ಲಿ ಆರಂಭವಾಯಿತು. ಇದು ಸಂಯೋಜಿತ ಪ್ರದರ್ಶನಗಳ ತಾಣ. ಆದರೂ ಇಲ್ಲಿನ ಸಂಗ್ರಹ, ಉಪನ್ಯಾಸ ಮತ್ತು ಕಾರ್ಯಾಗಾರಗಳು ಎಳೆಯ ಕಲಾವಿದರಿಗೆ ಉಪಯುಕ್ತ.

• ಕನ್ನಡ ಭವನದ ವರ್ಣ ಕಲಾ ಗ್ಯಾಲರಿ: ಜೆ.ಸಿ. ರಸ್ತೆಯಲ್ಲಿದೆ. ಕರ್ನಾಟಕ ಲಲಿತಕಲಾ ಅಕಾಡೆಮಿಯ ಕಚೇರಿಯೂ ಇದೇ ಭವನದಲ್ಲಿದೆ.

• ರಂಗೋಲಿ ಮೆಟ್ರೊ ಕಲಾಕೇಂದ್ರ: ಮಹಾತ್ಮ ಗಾಂಧಿ ರಸ್ತೆಯ ಮೆಟ್ರೊ ನಿಲ್ದಾಣದ ಬಳಿ 2013ರಲ್ಲಿ ತೆರೆಯಿತು. ಗ್ಯಾಲರಿಗಳ ಜೊತೆಗೆ ರಂಗಸ್ಥಳ ಎಂಬ ಸಭಾಂಗಣವೂ ಇದೆ. ಕಲೆಯನ್ನು ಅರಸಿ ಬಾರದ ದಾರಿಹೋಕರೂ ಇಲ್ಲಿ ನೋಡುಗರಾಗುತ್ತಾರೆ.

• ಇಂಡಿಯನ್ ಕಾರ್ಟೂನ್ ಗ್ಯಾಲರಿ: ವ್ಯಂಗ್ಯಚಿತ್ರಗಳಿಗೆ ಮೀಸಲಾದ ಗ್ಯಾಲರಿ. ಮಹಾತ್ಮ ಗಾಂಧಿ ರಸ್ತೆಗೆ ಹೊಂದಿಕೊಂಡ ಮಿಡ್‌ಫೋರ್ಡ್ ಹೌಸ್‌ನಲ್ಲಿ 2007ರಿಂದ ನಡೆಯುತ್ತಿದೆ.

• ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್: 1945ರಲ್ಲಿ ಆರಂಭವಾದ ಬಸವನಗುಡಿಯ ಈ ಸಂಸ್ಥೆಯಲ್ಲಿ ಉಪನ್ಯಾಸ, ಸಂಗೀತಗಳೊಡನೆ ಕಲಾಪ್ರದರ್ಶನಗಳೂ ನಡೆಯುತ್ತವೆ.

• ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯ: ಮ್ಯಾಪ್ ಎಂದು ಪರಿಚಿತವಾದ ಈ ಖಾಸಗಿ ಸಂಗ್ರಹಾಲಯದ ಕಟ್ಟಡ ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

• ಖಾಸಗಿ ಗ್ಯಾಲರಿಗಳು: ಗ್ಯಾಲರಿ ಸುಮುಖ, ಗ್ಯಾಲರಿ ಎಸ್‌ಕೆಇ ಮೊದಲಾದವು ಸಮಕಾಲೀನ ಕಲೆಯನ್ನು ಪ್ರದರ್ಶಿಸುತ್ತ ಬಂದಿವೆ.

• ಕಲಾವಿದರೇ ನಡೆಸುವ ತಾಣಗಳು: ಶಾಂತಿನಗರದ ನಂ. 1 ಶಾಂತಿರೋಡ್ ಸ್ಟುಡಿಯೊ ಪ್ರಯೋಗಶೀಲ ಕಲಾವಿದರಿಗೆ ಎಡೆ ನೀಡಿದೆ. 2009–10ರಲ್ಲಿ ಜೆ.ಸಿ. ರಸ್ತೆಯ ಎ.ಡಿ.ಎ. ರಂಗಮಂದಿರದ ಕಟ್ಟಡದಲ್ಲಿ ‘ಸಮೂಹ’ ಎಂಬ ಹೆಸರಿನಲ್ಲಿ ಕಲಾವಿದರು ಒಂದು ವರ್ಷಕ್ಕೂ ಮೀರಿ ಜಾಗವೊಂದನ್ನು ಹಂಚಿಕೊಂಡು ಸರದಿಯಂತೆ ಬಳಸಿದರು. ವೆಚ್ಚವನ್ನು ಸಮನಾಗಿ ಹೊತ್ತು ತಾವೇ ಅವಕಾಶ ಸೃಷ್ಟಿಸಿಕೊಳ್ಳುವ ದಾರಿಗೆ ಇದು ಉದಾಹರಣೆ.

ಚಿತ್ರಸಂತೆ

ಚಿತ್ರಸಂತೆಯು ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜನವರಿ ತಿಂಗಳ ಮೊದಲ ಭಾನುವಾರಗಳಲ್ಲೊಂದರಂದು ನಡೆಸುವ ಒಂದು ದಿನದ ಕಲಾಜಾತ್ರೆ. 2000ರ ದಶಕದ ಮೊದಲ ವರ್ಷಗಳಲ್ಲಿ ಆರಂಭವಾದ ಇದು 2023ರಲ್ಲಿ ಇಪ್ಪತ್ತನೆಯ ಆವೃತ್ತಿಯನ್ನು ಕಂಡಿತು. ಅಂದು ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲುತ್ತದೆ. ರಸ್ತೆಯ ಎರಡೂ ಬದಿಗಳಲ್ಲಿ ಮತ್ತು ಪರಿಷತ್ತಿನ ಆವರಣದಲ್ಲಿ ಮಳಿಗೆಗಳು ಸಾಲಾಗಿ ತೆರೆದುಕೊಳ್ಳುತ್ತವೆ. ಕರ್ನಾಟಕದ ಜಿಲ್ಲೆಗಳಿಂದ ಮಾತ್ರವಲ್ಲದೆ ಹೊರ ರಾಜ್ಯಗಳಿಂದಲೂ ಬಂದ ಸಾವಿರಕ್ಕೂ ಹೆಚ್ಚು ಕಲಾವಿದರು ಭಾಗವಹಿಸುತ್ತಾರೆ. ನೋಡಲು ಬರುವವರ ಸಂಖ್ಯೆ ಲಕ್ಷಗಳಲ್ಲಿರುತ್ತದೆ.

ಗ್ಯಾಲರಿಯ ಬಾಗಿಲನ್ನು ದಾಟಲು ಹಿಂಜರಿಯುವ ಸಾಮಾನ್ಯ ಜನರ ಬಳಿಗೆ ಕಲೆಯನ್ನು ಒಯ್ಯುವುದು ಚಿತ್ರಸಂತೆಯ ಉದ್ದೇಶ. ಇಲ್ಲಿ ಮಧ್ಯವರ್ತಿಗಳಿಲ್ಲ. ಕಲಾವಿದನೇ ತನ್ನ ಕೃತಿಯ ಪಕ್ಕದಲ್ಲಿ ನಿಂತು, ವಿವರಿಸಿ, ಬೆಲೆ ಹೇಳಿ ಮಾರುತ್ತಾನೆ. ಕೆಲವು ನೂರು ರೂಪಾಯಿಯ ರೇಖಾಚಿತ್ರದಿಂದ ಲಕ್ಷ ರೂಪಾಯಿ ಮೀರುವ ತೈಲವರ್ಣ ಚಿತ್ರದವರೆಗೆ ಎಲ್ಲವೂ ಒಂದೇ ರಸ್ತೆಯಲ್ಲಿ ದೊರೆಯುತ್ತವೆ. ಎದುರಿಗೆ ಕುಳಿತವರ ಭಾವಚಿತ್ರವನ್ನು ಅಲ್ಲಿಯೇ ಬರೆದುಕೊಡುವ ಕಲಾವಿದರ ಸುತ್ತ ಹೆಚ್ಚು ಜನ ಸೇರುತ್ತಾರೆ. ಭಾಗವಹಿಸಲು ಬಯಸುವವರು ಪರಿಷತ್ತಿನ ಪ್ರಕಟಣೆಯನ್ನು ಗಮನಿಸಿ, ತಮ್ಮ ಕೃತಿಗಳ ಛಾಯಾಚಿತ್ರಗಳೊಡನೆ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು.

ಕೆಲವು ಆವೃತ್ತಿಗಳನ್ನು ಒಂದೊಂದು ವಿಷಯಕ್ಕೆ ಅರ್ಪಿಸಲಾಗಿದೆ. 2019ರ ಸಂತೆ ಮಹಾತ್ಮ ಗಾಂಧಿಯವರಿಗೆ, 2020ರ ಸಂತೆ ರೈತರಿಗೆ, 2025ರ ಸಂತೆ ಹೆಣ್ಣುಮಗುವಿಗೆ ಸಮರ್ಪಿತವಾಗಿತ್ತು. ಕೋವಿಡ್ ಕಾರಣದಿಂದ 2021ರಲ್ಲಿ ಸಂತೆ ಆನ್‌ಲೈನ್‌ನಲ್ಲಿ ನಡೆಯಿತು. 2022ರಲ್ಲಿ ಜನವರಿಯ ಬದಲು ಮಾರ್ಚ್ ತಿಂಗಳಲ್ಲಿ ಮತ್ತೆ ರಸ್ತೆಗೆ ಮರಳಿತು. ಮೈಸೂರು, ಮಂಗಳೂರು, ಶಿವಮೊಗ್ಗ ಮೊದಲಾದ ನಗರಗಳಲ್ಲಿಯೂ ಇದೇ ಮಾದರಿಯ ಚಿತ್ರಸಂತೆಗಳು ನಡೆದಿವೆ.

ಚಿತ್ರಸಂತೆಗೆ ಮಿತಿಗಳೂ ಇವೆ. ಒಂದೇ ದಿನದ ನೂಕುನುಗ್ಗಲಿನಲ್ಲಿ ಕೃತಿಯೊಂದರ ಎದುರು ನಿಂತು ನೋಡುವ ವ್ಯವಧಾನ ಕಡಿಮೆ. ಬಿಸಿಲು ಮತ್ತು ಧೂಳಿನಿಂದ ಚಿತ್ರಗಳಿಗೆ ಹಾನಿಯಾಗುವ ಭಯವಿರುತ್ತದೆ. ಸುಲಭವಾಗಿ ಮಾರಾಟವಾಗುವ ದೇವರ ಚಿತ್ರ, ನಿಸರ್ಗದೃಶ್ಯಗಳ ನಡುವೆ ಪ್ರಯೋಗಶೀಲ ಕೃತಿಗಳು ಮರೆಯಾಗುವುದುಂಟು. ಹಾಗಿದ್ದರೂ ದೂರದ ಜಿಲ್ಲೆಯ ಕಲಾವಿದನೊಬ್ಬನು ಒಂದೇ ದಿನದಲ್ಲಿ ಇಷ್ಟು ಜನರಿಗೆ ತನ್ನ ಕೃತಿ ತೋರಿಸಬಹುದಾದ ಬೇರೆ ಸಂದರ್ಭ ರಾಜ್ಯದಲ್ಲಿ ವಿರಳ.

ಮೈಸೂರು

ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯು, ಸಂಕ್ಷಿಪ್ತವಾಗಿ ಕಾವಾ, ಕಲಾಶಿಕ್ಷಣದ ಜೊತೆಗೆ ಪ್ರದರ್ಶನಗಳ ಕೇಂದ್ರವೂ ಆಗಿದೆ. ಕಲಾಮಂದಿರದ ಆವರಣದಲ್ಲಿರುವ ಸುಚಿತ್ರ ಕಲಾ ಗ್ಯಾಲರಿಯಲ್ಲಿ ಸ್ಥಳೀಯ ಕಲಾವಿದರ ಪ್ರದರ್ಶನಗಳು ನಡೆಯುತ್ತವೆ. ದಸರಾ ಉತ್ಸವದ ಅಂಗವಾಗಿ ಲಲಿತಕಲಾ ಉಪಸಮಿತಿಯು ಚಿತ್ರ ಮತ್ತು ಶಿಲ್ಪಗಳ ಪ್ರದರ್ಶನ, ಸ್ಪರ್ಧೆ ಹಾಗೂ ಶಿಬಿರಗಳನ್ನು ಏರ್ಪಡಿಸುತ್ತದೆ. ಸಂಸ್ಥಾನದ ಕಾಲದ ದಸರಾ ಕಲಾಪ್ರದರ್ಶನದ ಪರಂಪರೆ ಈ ರೂಪದಲ್ಲಿ ಮುಂದುವರಿದಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಪ್ರಾದೇಶಿಕ ಕೇಂದ್ರವು ವೆಲ್ಲಿಂಗ್ಟನ್ ಹೌಸ್‌ನಲ್ಲಿದ್ದು, ಜನಪದ ಮತ್ತು ಬುಡಕಟ್ಟು ಕಲೆಗಳಿಗೆ ಸಂಬಂಧಿಸಿದ ಪ್ರದರ್ಶನಗಳನ್ನು ನಡೆಸುತ್ತದೆ.

ಇತರ ಜಿಲ್ಲೆಗಳು

• ಕಲಬುರಗಿ: ಎಸ್.ಎಂ. ಪಂಡಿತರ ಊರಾದ ಇಲ್ಲಿ ದೃಶ್ಯಕಲಾ ಮಹಾವಿದ್ಯಾಲಯಗಳಿದ್ದು, ಐಡಿಯಲ್ ಫೈನ್ ಆರ್ಟ್ ಸಂಸ್ಥೆಯು ದಶಕಗಳಿಂದ ಕಲಾಶಿಕ್ಷಣ ಮತ್ತು ಪ್ರದರ್ಶನಗಳಲ್ಲಿ ತೊಡಗಿದೆ.

• ಧಾರವಾಡ, ಹುಬ್ಬಳ್ಳಿ ಮತ್ತು ಗದಗ: ಧಾರವಾಡದಲ್ಲಿ ಸರ್ಕಾರಿ ಕಲಾ ಗ್ಯಾಲರಿ ಇದೆ. ಹಾಲಭಾವಿ, ಮಿಣಜಿಗಿ ಮತ್ತು ಅಕ್ಕಿ ಅವರ ಪರಂಪರೆಯ ಕಲಾಶಾಲೆಗಳಿಂದ ಬಂದ ಕಲಾವಿದರು ಈ ಭಾಗದ ಪ್ರದರ್ಶನಗಳ ಬೆನ್ನೆಲುಬಾಗಿದ್ದಾರೆ.

• ದಾವಣಗೆರೆ: 1964ರಲ್ಲಿ ಆರಂಭವಾದ ಕಲಾಶಾಲೆಯು ಇಂದು ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿದೆ. ವಿದ್ಯಾರ್ಥಿಗಳ ವಾರ್ಷಿಕ ಪ್ರದರ್ಶನ ಇಲ್ಲಿನ ಮುಖ್ಯ ಚಟುವಟಿಕೆ.

• ದಕ್ಷಿಣ ಕನ್ನಡ ಮತ್ತು ಉಡುಪಿ: ಮಂಗಳೂರಿನ ಮಹಾಲಸಾ ದೃಶ್ಯಕಲಾ ಮಹಾವಿದ್ಯಾಲಯ, ಬಲ್ಲಾಳಬಾಗ್‌ನ ಪ್ರಸಾದ್ ಆರ್ಟ್ ಗ್ಯಾಲರಿ ಮತ್ತು ಉಡುಪಿಯ ಕಲಾಸಂಸ್ಥೆಗಳು ಸ್ಥಳೀಯ ಕಲಾವಿದರಿಗೆ ನೆರವಾಗಿವೆ. ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಉತ್ಸವದ ಅಂಗವಾಗಿ ನಡೆಯುವ ವರ್ಣ ವಿರಾಸತ್ ಶಿಬಿರದಲ್ಲಿ ಹಲವು ಪ್ರದೇಶಗಳ ಕಲಾವಿದರು ಒಟ್ಟಾಗಿ ಚಿತ್ರ ರಚಿಸುತ್ತಾರೆ.

ಗ್ಯಾಲರಿ ಇಲ್ಲದ ಊರುಗಳಲ್ಲಿ ಸಾಹಿತ್ಯ ಸಮ್ಮೇಳನ, ಜಿಲ್ಲಾ ಉತ್ಸವ, ಜಾತ್ರೆ, ಗ್ರಂಥಾಲಯ, ಶಾಲಾ ಸಭಾಂಗಣ ಮತ್ತು ರಂಗಮಂದಿರದ ಮೊಗಸಾಲೆಗಳು ಪ್ರದರ್ಶನಕ್ಕೆ ಬಳಕೆಯಾಗುತ್ತವೆ. ಶಾಲಾ ಮಕ್ಕಳಿಗೆ ಪ್ರತಿಭಾ ಕಾರಂಜಿಯ ಚಿತ್ರಕಲಾ ಸ್ಪರ್ಧೆಯು ಹೆಚ್ಚಾಗಿ ಮೊದಲ ಸಾರ್ವಜನಿಕ ವೇದಿಕೆಯಾಗಿರುತ್ತದೆ.

ಅಕಾಡೆಮಿಗಳ ಪ್ರದರ್ಶನಗಳು

ಕರ್ನಾಟಕ ಲಲಿತಕಲಾ ಅಕಾಡೆಮಿಯು ವಾರ್ಷಿಕ ಕಲಾಪ್ರದರ್ಶನವನ್ನು ಏರ್ಪಡಿಸಿ, ಆಯ್ಕೆಯಾದ ಕೃತಿಗಳಿಗೆ ಬಹುಮಾನ ನೀಡುತ್ತದೆ. ಹಿರಿಯ ಕಲಾವಿದರಿಗೆ ಗೌರವ ಪ್ರಶಸ್ತಿಗಳನ್ನೂ ಕೊಡುತ್ತದೆ. ಜಿಲ್ಲೆಗಳಲ್ಲಿ ಶಿಬಿರ, ಪ್ರಾತ್ಯಕ್ಷಿಕೆ, ಉಪನ್ಯಾಸಗಳನ್ನು ನಡೆಸುವುದು ಮತ್ತು ಕಲಾವಿದರ ಕುರಿತು ಪುಸ್ತಕಗಳನ್ನು ಪ್ರಕಟಿಸುವುದು ಅಕಾಡೆಮಿಯ ಇತರ ಕಾರ್ಯಗಳು. ಶಿಲ್ಪಕಲೆಗೆ ಪ್ರತ್ಯೇಕವಾಗಿ ಕರ್ನಾಟಕ ಶಿಲ್ಪಕಲಾ ಅಕಾಡೆಮಿ ಇದೆ. ಕೇಂದ್ರ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರದರ್ಶನಕ್ಕೂ ರಾಜ್ಯದ ಕಲಾವಿದರು ಅರ್ಜಿ ಸಲ್ಲಿಸಬಹುದು.

ಈ ಪ್ರದರ್ಶನಗಳ ಅಧಿಸೂಚನೆಯಲ್ಲಿ ಕೃತಿಯ ಅಳತೆ, ಮಾಧ್ಯಮ, ರಚನೆಯ ವರ್ಷ, ವಯೋಮಿತಿ ಮತ್ತು ಕೊನೆಯ ದಿನಾಂಕಗಳನ್ನು ಸೂಚಿಸಲಾಗಿರುತ್ತದೆ. ಈ ನಿಯಮಗಳನ್ನು ಪಾಲಿಸದ ಕೃತಿಗಳು ಗುಣಮಟ್ಟದ ಪರಿಶೀಲನೆಗೂ ಮುನ್ನವೇ ತಿರಸ್ಕೃತವಾಗಬಹುದು.

ಸಾಂಪ್ರದಾಯಿಕ ಮತ್ತು ಬೀದಿಯ ಕಲೆ

ಮಲೆನಾಡಿನ ದೀವರ ಸಮುದಾಯದ ಮಹಿಳೆಯರು ಮದುವೆ ಮತ್ತು ಹಬ್ಬಗಳಲ್ಲಿ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಬಣ್ಣದ ಮರದ ಗೊಂಬೆಗಳು, ಮೈಸೂರು ಸಾಂಪ್ರದಾಯಿಕ ಚಿತ್ರ ಮತ್ತು ಗಂಜೀಫಾ ಕಲೆಗಳು ಮೂಲತಃ ಗ್ಯಾಲರಿಗಾಗಿ ಹುಟ್ಟಿದವುಗಳಲ್ಲ. ಕಾಗದ ಮತ್ತು ಬಟ್ಟೆಗೆ ವರ್ಗಾವಣೆಯಾದ ಬಳಿಕ ಚಿತ್ತಾರವು ಪ್ರದರ್ಶನಗಳಲ್ಲಿ ಕಾಣಿಸಿಕೊಂಡಿತು. ಕರಕುಶಲ ಮೇಳಗಳಲ್ಲಿ ಇಂಥ ಕೃತಿಗಳು ಮಾರಾಟವಾಗುತ್ತವೆಯಾದರೂ ಅಲ್ಲಿ ರಚಿಸಿದವರ ಹೆಸರು ಕಾಣಿಸದೆ ಹೋಗುವುದೇ ಹೆಚ್ಚು. ಹೆಸರಿನ ಫಲಕವಿರುವ ಪ್ರದರ್ಶನವು ಕುಶಲಕರ್ಮಿಯನ್ನು ಕಲಾವಿದನೆಂದು ಗುರುತಿಸುತ್ತದೆ.

ಬೀದಿಯನ್ನೇ ಪ್ರದರ್ಶನಾಂಗಣ ಮಾಡಿಕೊಂಡವರೂ ಇದ್ದಾರೆ. ಕಾವಾದಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ ಅವರು 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯೊಂದರಲ್ಲಿ ಮೊಸಳೆಯ ಪ್ರತಿಕೃತಿಯನ್ನು ಇರಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು.

ಪ್ರದರ್ಶನಕ್ಕೆ ಸಿದ್ಧತೆ

ಮೊದಲ ಪ್ರದರ್ಶನಕ್ಕೆ ಮುಂದಾಗುವ ಕಲಾವಿದರು ಸಾಮಾನ್ಯವಾಗಿ ಈ ಹಂತಗಳನ್ನು ಅನುಸರಿಸುತ್ತಾರೆ:

1. ಕೃತಿಗಳ ಆಯ್ಕೆ: ಇರುವ ಎಲ್ಲ ಕೃತಿಗಳನ್ನೂ ಇಡುವುದಕ್ಕಿಂತ ಪರಸ್ಪರ ಹೊಂದುವ ಕೆಲವನ್ನು ಆರಿಸುವುದು ಉಚಿತ. ಗೋಡೆಯ ಉದ್ದವನ್ನು ಅಳೆದು, ಕೃತಿಗಳ ನಡುವೆ ಸಾಕಷ್ಟು ಅಂತರ ಬಿಡಬೇಕು.

2. ದಾಖಲೆ: ಪ್ರತಿ ಕೃತಿಯ ಸ್ಪಷ್ಟ ಛಾಯಾಚಿತ್ರ, ಶೀರ್ಷಿಕೆ, ಮಾಧ್ಯಮ, ಅಳತೆ ಮತ್ತು ವರ್ಷಗಳ ಪಟ್ಟಿ. ಅರ್ಜಿಗೂ ಮಾರಾಟಕ್ಕೂ ಮುಂದಿನ ಅಧ್ಯಯನಕ್ಕೂ ಇದು ಆಧಾರ.

3. ಕಲಾವಿದನ ಹೇಳಿಕೆ: ಕೃತಿಗಳ ಹಿಂದಿನ ಆಲೋಚನೆಯನ್ನು ಸರಳವಾಗಿ ತಿಳಿಸುವ ಒಂದು ಪುಟದ ಬರಹ. ಕನ್ನಡದಲ್ಲಿಯೂ ಇದ್ದರೆ ಸ್ಥಳೀಯ ನೋಡುಗರಿಗೆ ಅನುಕೂಲ.

4. ಸ್ಥಳ ಕಾಯ್ದಿರಿಸುವಿಕೆ: ಜನಪ್ರಿಯ ಗ್ಯಾಲರಿಗಳನ್ನು ಹಲವು ತಿಂಗಳ ಮೊದಲೇ ಕಾಯ್ದಿರಿಸಬೇಕಾಗುತ್ತದೆ. ಬಾಡಿಗೆ, ಠೇವಣಿ, ದೀಪದ ವ್ಯವಸ್ಥೆ, ಕೃತಿಗಳ ಭದ್ರತೆ ಮತ್ತು ಮಾರಾಟದಲ್ಲಿ ಪಾಲಿನ ಕುರಿತ ಷರತ್ತುಗಳನ್ನು ಲಿಖಿತವಾಗಿ ಪಡೆಯಬೇಕು.

5. ಚೌಕಟ್ಟು ಮತ್ತು ಸಾಗಣೆ: ಕಾಗದದ ಮೇಲಿನ ಚಿತ್ರಗಳಿಗೆ ಗಾಜು ಸಹಿತ ಚೌಕಟ್ಟು ಅಗತ್ಯ. ಹೊರ ಜಿಲ್ಲೆಯ ಕಲಾವಿದರಿಗೆ ಚೌಕಟ್ಟು ಮತ್ತು ಸಾಗಣೆಯ ವೆಚ್ಚವು ಗ್ಯಾಲರಿಯ ಬಾಡಿಗೆಯನ್ನೂ ಮೀರಬಹುದು. ಕ್ಯಾನ್ವಾಸನ್ನು ಸುರುಳಿ ಸುತ್ತಿ ಒಯ್ದು, ತಲುಪಿದ ಮೇಲೆ ಮರದ ಚೌಕಕ್ಕೆ ಬಿಗಿಯುವುದು ಖರ್ಚು ತಗ್ಗಿಸುವ ಒಂದು ವಿಧಾನ.

6. ಪ್ರಚಾರ: ಪತ್ರಿಕೆಗಳ ನಗರ ಪುಟ, ಆಕಾಶವಾಣಿ, ಸಾಮಾಜಿಕ ಜಾಲತಾಣ ಮತ್ತು ಶಾಲಾ ಕಾಲೇಜುಗಳಿಗೆ ಮುಂಚಿತವಾಗಿ ಮಾಹಿತಿ ನೀಡುವುದು.

7. ಸಂದರ್ಶಕರ ಪುಸ್ತಕ: ನೋಡುಗರ ಅಭಿಪ್ರಾಯ ಮತ್ತು ಸಂಪರ್ಕ ವಿವರ ದಾಖಲ���ಗುವ ಈ ಪುಸ್ತಕವು ಮುಂದಿನ ಪ್ರದರ್ಶನಕ್ಕೆ ಆಹ್ವಾನಿತರ ಪಟ್ಟಿಯೂ ಆಗುತ್ತದೆ.

ಮಾರಾಟ ಮತ್ತು ಹಕ್ಕುಸ್ವಾಮ್ಯ

ಕಲಾಕೃತಿಯನ್ನು ಮಾರುವುದೂ ಅದರ ಹಕ್ಕುಸ್ವಾಮ್ಯವನ್ನು ಮಾರುವುದೂ ಒಂದೇ ಅಲ್ಲ. 1957ರ ಭಾರತೀಯ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಚಿತ್ರವನ್ನು ಕೊಂಡವನು ಆ ವಸ್ತುವಿನ ಒಡೆಯನಾಗುತ್ತಾನೆ; ಅದನ್ನು ಕ್ಯಾಲೆಂಡರ್, ಪುಸ್ತಕದ ಮುಖಪುಟ ಮುಂತಾದ ರೂಪಗಳಲ್ಲಿ ಮುದ್ರಿಸುವ ಹಕ್ಕು, ಲಿಖಿತವಾಗಿ ವರ್ಗಾಯಿಸದ ಹೊರತು, ಕಲಾವಿದನಲ್ಲಿಯೇ ಉಳಿಯುತ್ತದೆ. ಈ ಹಕ್ಕು ಕಲಾವಿದನ ಜೀವಿತಕಾಲ ಮತ್ತು ಆ ಬಳಿಕ 60 ವರ್ಷಗಳ ಕಾಲ ಇರುತ್ತದೆ. ನೋಂದಣಿ ಕಡ್ಡಾಯವಲ್ಲ. ಆದರೆ ಹಣ ಪಡೆದು ಇನ್ನೊಬ್ಬರ ಕೋರಿಕೆಯಂತೆ ಬರೆದ ಭಾವಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಯಿಸಿದವರೇ ಹಕ್ಕುಸ್ವಾಮ್ಯದ ಮೊದಲ ಒಡೆಯರಾಗುತ್ತಾರೆ. ಚಿತ್ರಸಂತೆಯಂಥ ಸ್ಥಳಗಳಲ್ಲಿ ಭಾವಚಿತ್ರ ಬರೆಯುವವರು ಇದನ್ನು ಅರಿತಿರಬೇಕು.

ಮೂಲ ಚಿತ್ರ, ರೇಖಾಚಿತ್ರ ಅಥವಾ ಶಿಲ್ಪವು 10,000 ರೂಪಾಯಿಗೂ ಹೆಚ್ಚಿನ ಬೆಲೆಗೆ ಮರುಮಾರಾಟವಾದಾಗ, ಅದರಲ್ಲಿ ಕಲಾವಿದನಿಗೆ ಪಾಲು ಸಲ್ಲುವ ಅವಕಾಶವೂ ಕಾಯ್ದೆಯಲ್ಲಿದೆ. ಈ ಪಾಲು ಶೇಕಡ 10ನ್ನು ಮೀರುವಂತಿಲ್ಲ. ತನ್ನ ಕೃತಿಯನ್ನು ಕೀರ್ತಿಗೆ ಕುಂದುಂಟಾಗುವಂತೆ ವಿರೂಪಗೊಳಿಸಿದರೆ ಅದನ್ನು ಪ್ರಶ್ನಿಸುವ ಹಕ್ಕು ಕೂಡ, ಕೃತಿ ಮಾರಾಟವಾದ ಮೇಲೂ, ಕಲಾವಿದನಿಗೆ ಇರುತ್ತದೆ.

ಸಮಸ್ಯೆಗಳು

ರಾಜ್ಯದ ಪ್ರದರ್ಶನ ವ್ಯವಸ್ಥೆಯ ಮುಖ್ಯ ಸಮಸ್ಯೆ ಪ್ರಾದೇಶಿಕ ಅಸಮತೋಲನ. ಬೀದರ್ ಅಥವಾ ರಾಯಚೂರಿನ ಕಲಾವಿದನು ಬೆಂಗಳೂರಿನಲ್ಲಿ ಒಂದು ವಾರ ಪ್ರದರ್ಶನ ನಡೆಸಬೇಕಾದರೆ ಬಾಡಿಗೆ, ಸಾಗಣೆ, ವಸತಿ ಮತ್ತು ಊಟದ ಖರ್ಚನ್ನು ಮೊದಲೇ ಭರಿಸಬೇಕು. ಕೃತಿಗಳು ಮಾರಾಟವಾಗದಿದ್ದರೆ ಅವನ್ನು ಮರಳಿ ಒಯ್ಯುವ ವೆಚ್ಚವೂ ಅದಕ್ಕೆ ಸೇರುತ್ತದೆ. ಕಲಾಶಾಲೆಗಳಿಂದ ಪದವಿ ಪಡೆದವರಲ್ಲಿ ಅನೇಕರು ಚಿತ್ರಕಲಾ ಶಿಕ್ಷಕರಾಗಿ, ವಿನ್ಯಾಸಕಾರರಾಗಿ ಅಥವಾ ಫಲಕ ಬರೆಯುವವರಾಗಿ ದುಡಿಯುತ್ತ, ಬಿಡುವಿನಲ್ಲಿ ರಚಿಸಿದ ಕೃತಿಗಳನ್ನು ತೋರಿಸಲು ದಾರಿಯಿಲ್ಲದೆ ಉಳಿಯುತ್ತಾರೆ.

ಎರಡನೆಯದು ವಿಮರ್ಶೆಯ ಕೊರತೆ. ಕನ್ನಡ ಪತ್ರಿಕೆಗಳಲ್ಲಿ ಪುಸ್ತಕ ಮತ್ತು ಸಿನಿಮಾ ವಿಮರ್ಶೆಗೆ ದೊರೆಯುವಷ್ಟು ಸ್ಥಳ ಕಲಾಪ್ರದರ್ಶನಗಳಿಗೆ ದೊರೆಯುವುದಿಲ್ಲ. ಪ್ರದರ್ಶನ ಮುಗಿದೊಡನೆ ಅದರ ಲಿಖಿತ ದಾಖಲೆ ಉಳಿಯುವುದು ಕಡಿಮೆ. ಮೂರನೆಯದು ಸಾರ್ವಜನಿಕ ಗ್ಯಾಲರಿಗಳ ನಿರ್ವಹಣೆ: ದುರಸ್ತಿಗಾಗಿ ದೀರ್ಘಕಾಲ ಮುಚ್ಚಿರುವುದು, ಬೆಳಕಿನ ವ್ಯವಸ್ಥೆ ಸಮರ್ಪಕವಾಗಿಲ್ಲದಿರುವುದು, ಸಂಜೆ ಬೇಗ ಬಾಗಿಲು ಹಾಕುವುದು ಮೊದಲಾದ ದೂರುಗಳು ಕಲಾವಿದರಿಂದ ಕೇಳಿಬರುತ್ತವೆ.

ಸಾಮಾಜಿಕ ಜಾಲತಾಣಗಳು ಮತ್ತು ಆನ್‌ಲೈನ್ ಗ್ಯಾಲರಿಗಳು ದೂರದ ಅಡಚಣೆಯನ್ನು ತಕ್ಕಮಟ್ಟಿಗೆ ಕಡಿಮೆ ಮಾಡಿವೆ. ಆದರೆ ಪರದೆಯ ಮೇಲೆ ಚಿತ್ರದ ನಿಜವಾದ ಅಳತೆ, ಬಣ್ಣದ ದಪ್ಪ ಮತ್ತು ಶಿಲ್ಪದ ಸುತ್ತಳತೆ ತಿಳಿಯುವುದಿಲ್ಲ. ಅನುಮತಿಯಿಲ್ಲದೆ ನಕಲು ಮಾಡುವವರ ಭಯವೂ ಇದೆ. ಪ್ರತಿ ಜಿಲ್ಲಾ ಕೇಂದ್ರದಲ್ಲಿ ಸರಿಯಾದ ಬೆಳಕು ಮತ್ತು ಅಲ್ಪ ಬಾಡಿಗೆಯ ಕಲಾ ಗ್ಯಾಲರಿಯೊಂದು ಇರಬೇಕೆಂಬುದು ರಾಜ್ಯದ ಕಲಾವಿದರ ಬಹುಕಾಲದ ಬೇಡಿಕೆಯಾಗಿದೆ.